ಗಾಡಿ ಕಟ್ಟೆ: ಪಿಕಪ್ ಬಾಡಿಯೊಳಗೆ ಯಾವ ಲೈನರ್ ಹಾಕಿಸೋದು?

ಮಳೆಗಾಲ ಹತ್ತಿರ ಬಂತು ಅಂದರೆ ಈ ಅಂಕಣಕ್ಕೆ ತುಕ್ಕಿನ ಪತ್ರಗಳು ಶುರು. ಈ ಸಲ ಬರೆದವರಲ್ಲಿ ಪಿಕಪ್, ಟಾಟಾ ಏಸ್ ಇಟ್ಟುಕೊಂಡವರೇ ಜಾಸ್ತಿ. ಎಲ್ಲರ ಪ್ರಶ್ನೆಯೂ ಸುತ್ತಿ ಬಳಸಿ ಒಂದೇ: ಹಿಂದಿನ ಲೋಡ್ ಬಾಡಿ ಹಾಳಾಗದ ಹಾಗೆ ಒಳಗೆ ಯಾವ ಲೈನರ್, ಅಂದರೆ ಒಳಹೊದಿಕೆ, ಹಾಕಿಸಬೇಕು? ಹಾಗಾಗಿ ಬೈಕಿನವರು, ಕಾರಿನವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ಕಾಯಬೇಕು. ನಾನು ಟಿಂಕರಿಂಗ್ ಶೆಡ್ಡಿನಲ್ಲಿ ಕೈ ಕರಿ ಮಾಡಿಕೊಂಡವನು. ತಗಡಿನ ಕಡೆಯಿಂದಲೇ ಮಾತಾಡುತ್ತೇನೆ.

ಪ್ರಶ್ನೆ: ಹೊಸ ಪಿಕಪ್ ತೆಗೆದುಕೊಂಡಿದ್ದೇನೆ ಅಣ್ಣಾ. ರಾತ್ರಿ ಕಲಾಸಿಪಾಳ್ಯಕ್ಕೆ ತರಕಾರಿ ಹೊಡೆಯುತ್ತೇನೆ. ಹಗಲು ಸಿಕ್ಕಿದ ಬಾಡಿಗೆ: ಸಿಮೆಂಟ್, ಸಾಲಿಡ್ ಬ್ಲಾಕ್, ಮನೆ ಸಾಮಾನು. ಜೆ.ಸಿ. ರಸ್ತೆಯ ಅಂಗಡಿಯವರು ಪ್ಲಾಸ್ಟಿಕ್ ಟಬ್ ಹಾಕಿಸಿ ಅಂತಾರೆ. ನಮ್ಮ ಭಾವ ಸ್ಪ್ರೇ ಮಾಡಿಸು ಅಂತಾರೆ. ಅಪ್ಪ ಉಬ್ಬುಗೆರೆಯ ಕಬ್ಬಿಣದ ಚೆಕರ್ ಪ್ಲೇಟ್ ಬಿಟ್ಟು ಬೇರೆ ಮಾತೇ ಬೇಡ ಅಂತಾರೆ. ಯಾರ ಮಾತು ಕೇಳಲಿ?
— ಹೊಸಕೋಟೆಯಿಂದ ಒಬ್ಬ ಓದುಗರು

ಯಾರ ಮಾತನ್ನೂ ಕೇಳುವ ಮೊದಲು ಒಂದು ಕೆಲಸ ಮಾಡಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಡೋರುಗಳನ್ನು ಮುಚ್ಚಿ, ಬಾಡಿಯೊಳಗೆ ನಾಲ್ಕಾರು ಬಕೆಟ್ ನೀರು ಸುರಿಯಿರಿ. ಸುರಿದು ಟೀ ಕುಡಿದುಕೊಂಡು ಬನ್ನಿ. ಆಮೇಲೆ ಹತ್ತಿ ನೋಡಿ, ನೀರು ಎಲ್ಲಿ ನಿಂತಿದೆ ಅಂತ. ಸಾಮಾನ್ಯವಾಗಿ ಕ್ಯಾಬಿನ್ ಹಿಂದಿನ ಎರಡು ಮೂಲೆಯಲ್ಲಿ, ಸೈಡ್ ಡೋರಿನ ಕೀಲಿನ ಬುಡದಲ್ಲಿ, ಮತ್ತೆ ನೆಲದ ತಗಡು ತಗ್ಗಾಗಿರುವ ಗೆರೆಗಳಲ್ಲಿ ನಿಂತಿರುತ್ತದೆ. ಗಾಡಿ ಸಾಯುವುದು ಅಲ್ಲಿಂದಲೇ. ಲೋಡಿನ ಏಟಿಗೆ ಬಾಡಿ ನೆಗ್ಗುತ್ತದೆ, ಗೀರು ಬೀಳುತ್ತದೆ, ಅಷ್ಟೇ. ತಗಡನ್ನು ತಿನ್ನೋದು ನೀರು. ಆದ್ದರಿಂದ ಲೈನರ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಗಟ್ಟಿ’ ಅನ್ನೋದಲ್ಲ, ‘ಇದರ ಕೆಳಗೆ ನೀರು ಹೋದರೆ ಹೊರಗೆ ಹೇಗೆ ಬರುತ್ತೆ’ ಅನ್ನೋದು. ಅಂಗಡಿಯವರು ಇದಕ್ಕೆ ಉತ್ತರ ಕೊಡದೆ ಬಣ್ಣದ ಕ್ಯಾಟಲಾಗ್ ತೆಗೆದರೆ ಎದ್ದು ಬನ್ನಿ.

ಈಗ ಪ್ಲಾಸ್ಟಿಕ್ ಟಬ್. ಇದು ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ, ಬಾಡಿಯ ಅಳತೆಯ ಅಚ್ಚಿಗೆ ಎಳೆದು ಮಾಡಿದ್ದು. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಥರದ ಗಾಡಿಗೆ ಸರಿ. ಅವುಗಳಲ್ಲಿ ಮೂರು ಗೋಡೆ ಖಾಯಂ, ಹಿಂದಿನ ಡೋರ್ ಒಂದೇ ತೆರೆಯೋದು. ನಿಮ್ಮದು ಲೋಡ್ ಹೊಡೆಯುವ ಪಿಕಪ್. ಸೈಡ್ ಡೋರ್ ಬಿಚ್ಚಿ ಬದಿಯಿಂದ ಮೂಟೆ ಇಳಿಸುತ್ತೀರಿ ಅಲ್ವಾ? ಟಬ್ ಕೂರಿಸಿದರೆ ಡೋರ್ ಬಿಚ್ಚಿದರೂ ಪ್ಲಾಸ್ಟಿಕ್ ಗೋಡೆ ಎದುರಿಗೇ ನಿಂತಿರುತ್ತದೆ. ಹಮಾಲರು ಮೊದಲ ದಿನವೇ ನಿಮಗೆ ಬೈಯುತ್ತಾರೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು. ಟಬ್ ತಗಡಿಗೆ ಅಂಟಿರೋದಿಲ್ಲ, ಮೇಲೆ ಕೂತಿರುತ್ತದೆ. ಗಾಡಿ ಓಡಿದಷ್ಟೂ ಅದು ಅದುರುತ್ತದೆ. ನಡುವೆ ಸೇರಿಕೊಂಡ ಎಂ-ಸ್ಯಾಂಡ್ ಪುಡಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಪೇಂಟ್ ಹೋಗುತ್ತದೆ, ಅದೇ ಜಾಗಕ್ಕೆ ನೀರು ಇಳಿಯುತ್ತದೆ, ಬಿಸಿಲು ಮುಟ್ಟೋದಿಲ್ಲ. ಜೊತೆಗೆ ಪ್ಲಾಸ್ಟಿಕ್ ನುಣುಪು. ಟೊಮೇಟೊ ಕ್ರೇಟು ಪ್ರತಿ ಬ್ರೇಕಿಗೂ ಮುಂದಕ್ಕೆ ಜಾರುತ್ತದೆ. ನಿಮಗೆ ಇದು ಬೇಡ.

ಅಪ್ಪನ ಚೆಕರ್ ಪ್ಲೇಟಿಗೆ ನನಗೆ ಗೌರವ ಇದೆ. ಜಿಗಣಿಯಿಂದ ಗ್ರಾನೈಟ್ ತುಂಡು ಹೊಡೆಯುವವರಿಗೆ, ಗುಜರಿ ಕಬ್ಬಿಣ ತುಂಬುವವರಿಗೆ ಅದನ್ನು ಬಿಟ್ಟರೆ ಗತಿ ಇಲ್ಲ. ಆದರೆ ತೂಕ ಲೆಕ್ಕ ಹಾಕಿ. 3 ಮಿಲಿಮೀಟರ್ ಕಬ್ಬಿಣದ ಪ್ಲೇಟು ಒಂದು ಚದರ ಮೀಟರಿಗೆ ಸುಮಾರು 25 ಕಿಲೋ. ನಿಮ್ಮ ಬಾಡಿ 2.7 ಮೀಟರ್ ಉದ್ದ, 1.7 ಮೀಟರ್ ಅಗಲ ಅಂತ ಇಟ್ಟುಕೊಂಡರೂ ನಾಲ್ಕೂವರೆ ಚದರ ಮೀಟರ್ ಮೇಲಾಯಿತು. ಅಂದರೆ 115 ಕಿಲೋ ಹತ್ತಿರ. ಎರಡು ಸಿಮೆಂಟ್ ಮೂಟೆಗಿಂತ ಜಾಸ್ತಿ ತೂಕವನ್ನು ಖಾಲಿ ಗಾಡಿಯಲ್ಲೂ ಹೊತ್ತು ತಿರುಗುತ್ತೀರಿ, ಡೀಸೆಲ್ ಸುಡುತ್ತೀರಿ, ಅಷ್ಟು ಲೋಡ್ ಕಡಿಮೆ ಹಾಕುತ್ತೀರಿ. ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ. ಮತ್ತೆ ಅದನ್ನು ಕೂರಿಸೋದು ವೆಲ್ಡಿಂಗ್ ಮಾಡಿ. ವೆಲ್ಡ್ ಬಿದ್ದ ಕಡೆಯೆಲ್ಲ ನೆಲದ ಕೆಳಭಾಗದ ಪೇಂಟ್ ಸುಟ್ಟು ಹೋಗುತ್ತದೆ, ಅದನ್ನು ಯಾರೂ ಬಗ್ಗಿ ನೋಡೋದಿಲ್ಲ. ಎರಡು ತಗಡಿನ ಸಂದಿಗೆ ಹೋದ ನೀರು ಬೇಗ ಆರೋದೂ ಇಲ್ಲ. ಅಲ್ಯೂಮಿನಿಯಂ ಪ್ಲೇಟ್ ಹಾಕಿಸಿದರೆ ತೂಕ ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ನಿಜ. ಆದರೆ ಅಲ್ಯೂಮಿನಿಯಂ ಮತ್ತು ಕಬ್ಬಿಣ ಒದ್ದೆಯಲ್ಲಿ ಒಂದಕ್ಕೊಂದು ತಗುಲಿದರೆ ಅಲ್ಯೂಮಿನಿಯಂ ಕರಗುತ್ತಾ ಬರುತ್ತದೆ, ಬಿಳಿ ಪುಡಿ ಏಳುತ್ತದೆ. ನಡುವೆ ರಬ್ಬರ್ ಪಟ್ಟಿ ಕೊಟ್ಟು, ಅಂಚನ್ನು ಸೀಲೆಂಟ್‌ನಿಂದ ಮುಚ್ಚಿ ಕೂರಿಸುವವರು ಸಿಕ್ಕರೆ ಮಾತ್ರ ಅದರ ಕಡೆ ನೋಡಿ.

ಉಳಿದಿದ್ದು ನಿಮ್ಮ ಭಾವನ ಸ್ಪ್ರೇ. ನನ್ನ ಓಟು ಅದಕ್ಕೇ. ಕಾರಣ ಒಂದೇ: ಅದು ತಗಡಿಗೆ ಅಂಟಿಕೊಳ್ಳುತ್ತದೆ, ನಡುವೆ ಸಂದಿ ಇರೋದಿಲ್ಲ. ಸಂದಿ ಇಲ್ಲ ಅಂದರೆ ನೀರಿಗೆ ಜಾಗ ಇಲ್ಲ. ಇದರಲ್ಲಿ ಪಾಲಿಯೂರಿಯಾ, ಪಾಲಿಯುರೆಥೇನ್ ಅಂತ ಎರಡು ಜಾತಿ, ಎರಡೂ ಸೇರಿಸಿದ ಮಿಶ್ರಣವೂ ಬರುತ್ತದೆ. ಪಾಲಿಯೂರಿಯಾವನ್ನು ಮೆಷಿನ್ನಿನಲ್ಲಿ ಬಿಸಿ ಮಾಡಿ, ಜೋರು ಪ್ರೆಶರಿನಲ್ಲಿ ಎರಡು ದ್ರವ ಬೆರೆಸಿ ಹೊಡೆಯುತ್ತಾರೆ. ತಗಡಿಗೆ ಬಿದ್ದ ಕೆಲವೇ ಸೆಕೆಂಡಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೈ ತರಿತರಿಯಾಗಿರುವುದರಿಂದ ಕ್ರೇಟು ಅಷ್ಟು ಸುಲಭಕ್ಕೆ ಜಾರೋದಿಲ್ಲ.

ಆದರೆ ಸ್ಪ್ರೇ ಅನ್ನೋ ಒಂದೇ ಹೆಸರಿನಲ್ಲಿ ಬೇಕಾದಷ್ಟು ಆಟ ನಡೆಯುತ್ತದೆ. ಕರಿ ಪೇಂಟಿಗೆ ಮರಳು ಬೆರೆಸಿ ಹೊಡೆದು ಕಳಿಸಿದ್ದನ್ನೂ ನೋಡಿದ್ದೇನೆ. ದಪ್ಪ ಎಷ್ಟು ಅಂತ ಕೇಳಿ. ನೆಲಕ್ಕೆ 2ರಿಂದ 3 ಮಿಲಿಮೀಟರ್ ಇರಲಿ, ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳಿ. ಹೊಡೆಯುವ ಮುಂಚೆ ಪೇಂಟನ್ನು ಉಜ್ಜಿ ಮಂಕು ಮಾಡಿದ್ದನ್ನು ಕಣ್ಣಾರೆ ನೋಡಿ. ಹೊಳೆಯುವ ಪೇಂಟಿನ ಮೇಲೆ ಹೊಡೆದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಕೀಲು, ಚಿಲಕ, ಹಗ್ಗದ ಹುಕ್ಕು, ನೀರು ಹೋಗುವ ತೂತು ಇಷ್ಟಕ್ಕೂ ಟೇಪ್ ಸುತ್ತಿಸಿ. ಕೀಲಿಗೆ ಸ್ಪ್ರೇ ಬಿದ್ದರೆ ಡೋರ್ ಬಿಚ್ಚೋಕೆ ಸುತ್ತಿಗೆ ಬೇಕಾಗುತ್ತದೆ. ತೂತು ಮುಚ್ಚಿಹೋದರೆ ಬಾಡಿ ಪೂರ್ತಿ ಬಾಣಲೆ, ನೀರು ಹೋಗೋಕೆ ದಾರಿಯೇ ಇಲ್ಲ.

ಸ್ಪ್ರೇ ಮಾಡಿಸಿದ ಮಾತ್ರಕ್ಕೆ ತಗಡು ನೆಗ್ಗೋದು ನಿಲ್ಲೋದಿಲ್ಲ. ಸಾಲಿಡ್ ಬ್ಲಾಕನ್ನು ಮೇಲಿಂದ ಎತ್ತಿ ಹಾಕಿದರೆ ಸ್ಪ್ರೇ ಹರಿಯದೆ ಉಳಿಯಬಹುದು, ಕೆಳಗಿನ ತಗಡು ತಗ್ಗಾಗಿಯೇ ಆಗುತ್ತದೆ. ಆದ್ದರಿಂದ ಬ್ಲಾಕ್ ಹೊಡೆಯುವ ದಿನ ಮೇಲೊಂದು ರಬ್ಬರ್ ಮ್ಯಾಟ್ ಹಾಸಿ, ತರಕಾರಿ ದಿನ ಸುತ್ತಿ ತೆಗೆದಿಡಿ. ಬಣ್ಣದ ವಿಷಯ: ಎಲ್ಲರೂ ಕಪ್ಪು ಹೊಡೆಸುತ್ತಾರೆ. ನೀವು ಬೂದು ಬಣ್ಣ ಕೇಳಿ. ಏಪ್ರಿಲ್ ಬಿಸಿಲಲ್ಲಿ ಕಪ್ಪು ನೆಲ ಕಾಯುವ ರೀತಿಗೆ ಅಡಿಯ ಕೊತ್ತಂಬರಿ ಸೊಪ್ಪು ಬಾಡಿಹೋಗುತ್ತದೆ. ಹೊಸ ಗಾಡಿ, ಒಂದು ಚೂರೂ ತುಕ್ಕಿಲ್ಲ. ಮಾಡಿಸೋದಾದರೆ ಈಗಲೇ ಮಾಡಿಸಿ, ಮೊದಲ ಗೀರು ಬೀಳುವ ಮುಂಚೆ.

ಪ್ರಶ್ನೆ: ನಮ್ಮದು ಅಡುಗೆ ಕಂಟ್ರಾಕ್ಟ್. ಟಾಟಾ ಏಸ್‌ನಲ್ಲಿ ಪಾತ್ರೆ, ಸ್ಟೌವು, ಸಾಂಬಾರಿನ ಡ್ರಮ್ಮು ಹೋಗುತ್ತವೆ. ಪ್ರತಿ ಹಂಪ್‌ನಲ್ಲೂ ಪಾತ್ರೆಗಳು ಒಂದಕ್ಕೊಂದು ಹೊಡೆದುಕೊಳ್ಳುತ್ತವೆ. ಎಣ್ಣೆ, ಸಾರು ಚೆಲ್ಲಿ ನೆಲ ಜಿಡ್ಡಾಗಿದೆ. ಸ್ಪ್ರೇಗೆ ಕೊಡುವಷ್ಟು ದುಡ್ಡಿಲ್ಲ. ಏನು ಮಾಡಲಿ?
— ಚಾಮರಾಜಪೇಟೆಯ ಓದುಗರು

ನಿಮಗೆ ಸ್ಪ್ರೇ ಬೇಕಾಗಿಯೂ ಇಲ್ಲ ತಾಯಿ. ರಬ್ಬರ್ ಮ್ಯಾಟ್ ಸಾಕು. ಆದರೆ ಯಾವ ರಬ್ಬರ್ ಅನ್ನೋದು ಮುಖ್ಯ. ಮಾಮೂಲಿ ರಬ್ಬರ್ ಎಣ್ಣೆ ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಚೂರು ಚೂರಾಗಿ ಏಳುತ್ತದೆ. ನೈಟ್ರೈಲ್ ರಬ್ಬರ್ ಅಂತ ಕೇಳಿ. ಎಣ್ಣೆಯನ್ನು ಅದು ತಡೆದುಕೊಳ್ಳುತ್ತದೆ. ಕಾರ್ಖಾನೆಗಳಲ್ಲಿ ಮೆಷಿನ್ ಮುಂದೆ ಹಾಸೋದೂ ಅದನ್ನೇ. 6ರಿಂದ 8 ಮಿಲಿಮೀಟರ್ ದಪ್ಪ ಸಾಕು. ಕೆಳಮೈಯಲ್ಲಿ ಗೆರೆ ಅಥವಾ ಗುಬುಟು ಇರುವುದನ್ನೇ ಆರಿಸಿ. ಆಗ ಕೆಳಗೆ ಹೋದ ನೀರು ಹರಿದು ಹೊರಗೆ ಬರುತ್ತದೆ.

ಒಂದೇ ಹಾಳೆ ಕೊಳ್ಳಬೇಡಿ. ಏಸಿನ ನೆಲಕ್ಕೆ ಅಷ್ಟು ದಪ್ಪದ ರಬ್ಬರ್ ಮೂವತ್ತು ಕಿಲೋ ಮೇಲೆ ತೂಗುತ್ತದೆ. ಅದನ್ನು ಒಬ್ಬ ಹುಡುಗ ಎತ್ತೋದಿಲ್ಲ. ಎತ್ತದಿದ್ದರೆ ತೊಳೆಯೋದಿಲ್ಲ, ತೊಳೆಯದಿದ್ದರೆ ವಾಸನೆ. ಅಡ್ಡಕ್ಕೆ ಎರಡು ತುಂಡು ಮಾಡಿಸಿ. ಮದುವೆ ಮುಗಿಸಿ ಬಂದ ಮೇಲೆ ಬಿಸಿನೀರು, ಪಾತ್ರೆ ಸೋಪು ಹಾಕಿ ಉಜ್ಜಿ, ಎರಡು ತುಂಡನ್ನೂ ಕಾಂಪೌಂಡ್ ಗೋಡೆ ಮೇಲೆ ನೇತು ಹಾಕಿ. ಗಾಡಿ ನೆಲ ಒಣಗಿದ ಮೇಲೆ ವಾಪಸ್ ಹಾಸಿ.

ಗುಜರಿಯಲ್ಲಿ ಹಳೆ ಕನ್ವೇಯರ್ ಬೆಲ್ಟ್ ಕಡಿಮೆಗೆ ಸಿಗುತ್ತದೆ, ಜನ ಅದನ್ನೂ ಹಾಸುತ್ತಾರೆ. ಇಟ್ಟಿಗೆ ಗಾಡಿಗೆ ಸೈ. ಮುಂಚೆ ಯಾವ ಕಾರ್ಖಾನೆಯಲ್ಲಿ ಏನನ್ನು ಹೊತ್ತಿತ್ತೋ ಯಾರಿಗೆ ಗೊತ್ತು? ಅಡುಗೆ ಪಾತ್ರೆ ಇಡುವ ಜಾಗಕ್ಕೆ ಅದು ಬೇಡ. ಮನೆಮಕ್ಕಳ ಆಟಕ್ಕೆ ಹಾಕುವ ಬಣ್ಣದ ಫೋಮ್ ಮ್ಯಾಟೂ ಬೇಡ. ಜೋಡಣೆಯ ಸಂದಿಯಲ್ಲಿ ಸಾರು ಇಳಿದು ಹುಳಿ ಬರುತ್ತದೆ.

ಮ್ಯಾಟ್ ಬಂತು ಅಂತ ಹಗ್ಗ ಬಿಡಬೇಡಿ. ಸಾಂಬಾರಿನ ಡ್ರಮ್ಮನ್ನು ಕ್ಯಾಬಿನ್ ಗೋಡೆಗೆ ಒರಗಿಸಿ, ಎರಡೂ ಕಡೆ ಹುಕ್ಕಿಗೆ ಕಟ್ಟಲೇಬೇಕು.

ಪ್ರಶ್ನೆ: ಸರ್, ಆನ್‌ಲೈನಿನಲ್ಲಿ ರೋಲರ್‌ನಿಂದ ಹಚ್ಚುವ ಲೈನರ್ ಕಿಟ್ ಸಿಗುತ್ತೆ. ಮನೆ ಮುಂದೆಯೇ ನಾನೇ ಹಚ್ಚಬಹುದಾ? ಗಾಡಿಗೆ ಏಳು ವರ್ಷ, ಅಲ್ಲಲ್ಲಿ ತುಕ್ಕಿದೆ. ಈ ತಿಂಗಳಲ್ಲೇ ಮುಗಿಸಬೇಕು ಅಂತಿದ್ದೇನೆ.
— ನಾಗರಬಾವಿಯ ಓದುಗರು

ಹಚ್ಚಬಹುದು. ಈ ತಿಂಗಳು ಬೇಡ.

ಯಾಕೆ ಅಂದರೆ, ಈ ಎರಡು ಡಬ್ಬದ ಯುರೆಥೇನ್ ಕಿಟ್‌ಗಳಲ್ಲಿ ಗಟ್ಟಿ ಮಾಡುವ ದ್ರವ ಐಸೊಸಯನೇಟ್. ಅದಕ್ಕೆ ನೀರು ಕಂಡರೆ ಆಗೋದಿಲ್ಲ. ತೇವ ತಗುಲಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹಚ್ಚಿದ ಪದರದೊಳಗೆ ಸಣ್ಣ ಸಣ್ಣ ಗುಳ್ಳೆ ಬಂದು, ಒಣಗಿದ ಮೇಲೆ ಸೂಜಿ ತೂತುಗಳಾಗಿ ಉಳಿಯುತ್ತವೆ. ಅದರಲ್ಲಿ ನೀರು ಇಳಿಯುತ್ತದೆ. ನಮ್ಮೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಸಂಜೆ ಯಾವಾಗ ಮೋಡ ಕವಿಯುತ್ತದೋ ಹೇಳೋಕಾಗಲ್ಲ. ಜನವರಿಯಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ. ಬೆಳಿಗ್ಗೆಯ ಇಬ್ಬನಿ ಪೂರ್ತಿ ಆರಿದ ಮೇಲೆ ಶುರು ಮಾಡಿ.

ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ, ತುಕ್ಕಿನ ಕೆಲಸ ಮುಗಿಸಿ. ನಿಜವಾದ ಕೆಲಸ ಅದೇ, ರೋಲರ್ ಉರುಳಿಸೋದು ಒಂದು ಮಧ್ಯಾಹ್ನದ ಆಟ. ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ಜಿಡ್ಡು ತೆಗೆಯಿರಿ. ಆಮೇಲೆ ಗ್ರೈಂಡರಿಗೆ ವೈರ್ ಬ್ರಷ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ತುಕ್ಕನ್ನು ಬಿಳಿ ತಗಡು ಕಾಣೋವರೆಗೆ ಉಜ್ಜಿ. ಪೇಂಟ್ ಮೇಲೆ ಚಿಕ್ಕ ಗುಳ್ಳೆ ಕಂಡರೆ ಅದನ್ನು ಸ್ಕ್ರೂಡ್ರೈವರ್ ತುದಿಯಿಂದ ಒಡೆದು ನೋಡಿ. ಮೇಲೆ ಕಾಳಿನಷ್ಟು ಇರುವ ಗುಳ್ಳೆಯ ಕೆಳಗೆ ರೂಪಾಯಿ ಅಗಲ ಕೆಂಪು ಪುಡಿ ಇರುತ್ತದೆ. ಪೇಂಟು ತಗಡಿಗೆ ಗಟ್ಟಿಯಾಗಿ ಹಿಡಿದಿರುವ ಜಾಗ ಸಿಗುವವರೆಗೆ ಸುತ್ತ ಬಿಡಿಸುತ್ತಾ ಹೋಗಿ. ಸ್ಕ್ರೂಡ್ರೈವರ್ ಆರಪಾರ ಹೋಯಿತು ಅಂದರೆ ಅದು ನಿಮ್ಮ ಕೈಯ ಕೆಲಸ ಅಲ್ಲ, ಟಿಂಕರ್ ಹತ್ತಿರ ಪ್ಯಾಚ್ ಹಾಕಿಸಿ. ತೂತಿನ ಮೇಲೆ ಲೈನರ್ ಹಚ್ಚಿದರೆ ತೂತು ಮರೆಯಾಗುತ್ತದೆ, ಹೋಗೋದಿಲ್ಲ.

ಬಿಳಿ ತಗಡು ಕಂಡ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಹಾರ್ಡ್‌ವೇರ್ ಅಂಗಡಿಯವರು ಕಡಿಮೆಗೆ ಸಿಗುತ್ತೆ ಅಂತ ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಕೊಡುತ್ತಾರೆ. ತಗೋಬೇಡಿ. ಮೇಲಿನ ಯುರೆಥೇನ್‌ನಲ್ಲಿರುವ ದ್ರಾವಕ ಅದನ್ನು ಮೆತ್ತಗೆ ಮಾಡಿ ಸುಕ್ಕು ಎಬ್ಬಿಸುತ್ತದೆ. ಹಚ್ಚುವ ದಿನ ಇಡೀ ನೆಲವನ್ನು 180 ನಂಬರ್ ಉಪ್ಪುಕಾಗದದಿಂದ ಮಂಕು ಮಾಡಿ, ಬಟ್ಟೆಗೆ ಥಿನ್ನರ್ ಹಾಕಿ ಒರೆಸಿ. ದಪ್ಪಗೆ ಒಂದೇ ಸಲ ಬಳಿಯಬೇಡಿ, ತೆಳ್ಳಗೆ ಎರಡು ಕೋಟು. ಎರಡು ದ್ರವ ಬೆರೆಸಿದ ಮೇಲೆ ಗಡಿಯಾರ ಓಡೋಕೆ ಶುರು, ಡಬ್ಬದಲ್ಲೇ ಗಟ್ಟಿಯಾಗಿಬಿಡುತ್ತದೆ. ಬೇಕಾದಷ್ಟೇ ಬೆರೆಸಿ. ಲೋಡ್ ಹಾಕೋಕೆ ಎಷ್ಟು ದಿನ ಕಾಯಬೇಕು ಅಂತ ಡಬ್ಬದ ಮೇಲೆ ಬರೆದಿರುತ್ತದೆ, ಅಷ್ಟು ದಿನ ಬಾಡಿಗೆ ಒಪ್ಪಿಕೊಳ್ಳಬೇಡಿ.

ಒಂದು ವಿಷಯದಲ್ಲಿ ಮಾತ್ರ ಗದರಿಸಿ ಹೇಳುತ್ತೇನೆ. ಐಸೊಸಯನೇಟ್ ಶ್ವಾಸಕ್ಕೆ ಹೋದರೆ ಆಸ್ತಮಾ ಹತ್ತಿಕೊಳ್ಳಬಹುದು. ಒಮ್ಮೆ ಮೈಗೆ ಅದು ಒಗ್ಗದೆ ಹೋಯಿತು ಅಂದರೆ ಆಮೇಲೆ ಸ್ವಲ್ಪ ವಾಸನೆಗೂ ಉಬ್ಬಸ ಬರುತ್ತದೆ. ಕರ್ಚೀಫು, ಬಟ್ಟೆ ಮಾಸ್ಕು ಇದಕ್ಕೆ ಲೆಕ್ಕಕ್ಕಿಲ್ಲ. ಪೇಂಟ್ ಆವಿಗೆ ಅಂತಲೇ ಬರುವ ಕಾರ್ಟ್ರಿಜ್ ಮಾಸ್ಕ್ ಹಾಕಿ, ನೈಟ್ರೈಲ್ ಗ್ಲೌಸ್ ಹಾಕಿ, ಗಾಳಿ ಆಡುವ ಕಡೆ ಮಾಡಿ. ಮಕ್ಕಳನ್ನು ದೂರ ಇಡಿ. ಅದೇ ಕಿಟ್ ಜೊತೆ ಬರುವ ಗನ್ನಿನಲ್ಲಿ ಸ್ಪ್ರೇ ಮಾಡೋಣ ಅಂತ ಆಸೆ ಆದರೆ ಬಿಟ್ಟುಬಿಡಿ. ಸ್ಪ್ರೇ ಮಂಜು ಗಾಳಿಯಲ್ಲಿ ತೇಲುತ್ತದೆ. ಹೊರಗಿನಿಂದ ಗಾಳಿ ಕೊಡುವ ಹುಡ್ ಇರುವವರು, ಬೂತ್ ಇರುವವರು ಮಾಡುವ ಕೆಲಸ ಅದು. ಪಕ್ಕದ ಮನೆಯವರು ಬಟ್ಟೆ ಒಣಗಿ ಹಾಕುವ ರಸ್ತೆಯಲ್ಲಿ ಅಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಡಬಲ್ ಕ್ಯಾಬ್ ಪಿಕಪ್ ನೋಡಿದ್ದೇನೆ. ಹಿಂದೆ ಪ್ಲಾಸ್ಟಿಕ್ ಟಬ್ ಇದೆ, ಫಳಫಳ ಅಂತಿದೆ. ಒಳ್ಳೆಯದೇ ಅಲ್ವಾ?
— ಯಲಹಂಕದ ಓದುಗರು

ಹೊರಗೆ ಥಳುಕು, ಒಳಗೆ ಹುಳುಕು ಇರಬಹುದು. ಬಿಚ್ಚಿಸಿ ನೋಡದೆ ಅಡ್ವಾನ್ಸ್ ಕೊಡಬೇಡಿ. ಟಬ್ ಕೆಲವೇ ಬೋಲ್ಟ್ ಮೇಲೆ ನಿಂತಿರುತ್ತದೆ, ಎತ್ತೋದು ಇಬ್ಬರು ಸೇರಿದರೆ ಬೇಗ ಆಗುವ ಕೆಲಸ. ಬೋಲ್ಟಿಗೆ ಅಂತ ಕೊರೆದ ತೂತುಗಳ ಸುತ್ತ ಮೊದಲು ನೋಡಿ, ಬರೀ ತಗಡು ಬಿಟ್ಟಿದ್ದರೆ ತುಕ್ಕು ಅಲ್ಲೇ ಹುಟ್ಟಿರುತ್ತದೆ. ಆಮೇಲೆ ಗಾಡಿ ಕೆಳಗೆ ಬಗ್ಗಿ, ಸ್ಕ್ರೂಡ್ರೈವರ್ ಹಿಡಿಯಿಂದ ನೆಲವನ್ನು ಅಲ್ಲಲ್ಲಿ ತಟ್ಟಿ. ಟಣ್ ಅಂದರೆ ಸರಿ. ಧಪ್ ಅಂದರೆ, ಮಣ್ಣಿನ ಹಾಗೆ ಪುಡಿ ಉದುರಿದರೆ, ಆ ಜಾಗ ಹೋಗಿದೆ. ಹಿಂದೆ ಏನು ಸಾಗಿಸುತ್ತಿದ್ದರು ಅಂತಲೂ ಕೇಳಿ. ಮೀನು, ಐಸು, ಗೊಬ್ಬರ ಅಂದರೆ ಎರಡು ಪಟ್ಟು ಹುಷಾರಾಗಿರಿ. ಉಪ್ಪುನೀರು, ಗೊಬ್ಬರದ ನೀರು ತಗಡನ್ನು ಬೇಗ ತಿನ್ನುತ್ತವೆ. ಮಾರುವವರು ‘ಬಿಚ್ಚಿದರೆ ಕ್ಲಿಪ್ ಮುರಿಯುತ್ತೆ’ ಅಂತ ರಾಗ ಎಳೆದರೆ ಗಾಡಿ ಬೇಡ ಅನ್ನಿ.

ಒಳಗೆ ಚೆನ್ನಾಗಿದ್ದರೆ ಟಬ್ ಇರಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಎತ್ತಿ ತೊಳೆದು ಒಣಗಿಸಿ.

ಪ್ರಶ್ನೆ: ನಾವು ಲೇಔಟ್‌ಗಳ ಗಾರ್ಡನ್ ಕೆಲಸ ಮಾಡುತ್ತೇವೆ. ಹುಲ್ಲು ಕತ್ತರಿಸುವ ಮೆಷಿನ್ನಿಗೆ ಪೆಟ್ರೋಲ್ ಕ್ಯಾನ್ ಗಾಡಿಯಲ್ಲೇ ಇರುತ್ತದೆ. ಪ್ಲಾಸ್ಟಿಕ್ ಲೈನರ್ ಹಾಕಿದರೆ ಕ್ಯಾನ್ ಗೀರದೆ ಇರುತ್ತೆ ಅಂತ ಹಾಕಿಸಿದ್ದೇವೆ. ಸರಿ ತಾನೆ?
— ಸರ್ಜಾಪುರ ರಸ್ತೆಯ ಓದುಗರು

ಕ್ಯಾನ್ ಸಾಗಿಸುವಾಗ ಕಟ್ಟಿಡಿ, ಮುಚ್ಚಳ ಬಿಗಿ ಇರಲಿ. ಆದರೆ ಕ್ಯಾನನ್ನು ಗಾಡಿಯ ಮೇಲೆ ಇಟ್ಟುಕೊಂಡು ಯಾವತ್ತೂ ಪೆಟ್ರೋಲ್ ತುಂಬಬೇಡಿ, ತುಂಬಿಸಲೂಬೇಡಿ. ಪೆಟ್ರೋಲ್ ಹರಿಯುವಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಕ್ಯಾನ್ ನೆಲದ ಮೇಲಿದ್ದರೆ ಅದು ಭೂಮಿಗೆ ಇಳಿದುಹೋಗುತ್ತದೆ. ಪ್ಲಾಸ್ಟಿಕ್ ಲೈನರ್ ಅದನ್ನು ಇಳಿಯೋಕೆ ಬಿಡೋದಿಲ್ಲ. ಕ್ಯಾನಿನಲ್ಲೇ ಕೂಡಿಕೊಂಡು, ನಾಝಲ್ ಹತ್ತಿರ ಬಂದಾಗ ಕಿಡಿ ಹಾರುತ್ತದೆ. ಅಮೆರಿಕದಲ್ಲಿ ಪಿಕಪ್‌ನ ಪ್ಲಾಸ್ಟಿಕ್ ಲೈನರ್ ಮೇಲೆ ಹೀಗೆ ತುಂಬುವಾಗ ಬೆಂಕಿ ಹೊತ್ತಿಕೊಂಡ ಪ್ರಕರಣಗಳಾಗಿ, ಅಲ್ಲಿನ ಕೆಲಸಗಾರರ ಸುರಕ್ಷತೆ ನೋಡುವ ನಿಯೋಶ್ ಸಂಸ್ಥೆ 1990ರ ದಶಕದ ಕೊನೆಯಲ್ಲೇ ಎಚ್ಚರಿಕೆ ಹೊರಡಿಸಿತು. ಲೋಹದ ಕ್ಯಾನಿಗೆ ಈ ಅಪಾಯ ಇನ್ನೂ ಜಾಸ್ತಿ. ಪಂಪಿನವರು ನಿಯಮದ ಪ್ರಕಾರ ಕೊಡುವಂಥ ಕ್ಯಾನೇ ಇರಲಿ, ಕೆಳಗಿಳಿಸಿ, ನೆಲದ ಮೇಲಿಟ್ಟು ತುಂಬಿಸಿ. ಮೆಷಿನ್ನಿಗೆ ಸುರಿಯುವಾಗಲೂ ಹಾಗೆಯೇ, ಮೆಷಿನ್ ಕೆಳಗಿಳಿಸಿ, ಅದು ತಣ್ಣಗಾದ ಮೇಲೆ. ನಿಮ್ಮ ಹುಡುಗರಿಗೆ ಇವತ್ತೇ ಹೇಳಿ.

ಪ್ರಶ್ನೆ: ಲೈನರ್ ಹಾಕಿಸಿದರೆ ಆರ್‌ಟಿಒ ತಕರಾರು ಮಾಡುತ್ತಾರಾ?
— ಪೀಣ್ಯದ ಓದುಗರು

ಆರ್‌ಸಿಯಲ್ಲಿ ಬರೆದ ವಿವರಕ್ಕೂ ಗಾಡಿ ತಯಾರಿಸಿದ ಕಂಪನಿ ಮೊದಲು ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವಂಥ ಮಾರ್ಪಾಡು ಮಾಡಬಾರದು ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಹಾಸಿ ತೆಗೆಯುವ ಮ್ಯಾಟಿಗೂ, ತೆಳ್ಳನೆಯ ಸ್ಪ್ರೇಗೂ ಆ ಭಯ ಕಡಿಮೆ. ನೂರು ಕಿಲೋ ಮೇಲಿನ ಕಬ್ಬಿಣ ವೆಲ್ಡ್ ಮಾಡಿಸಿ ಖಾಲಿ ತೂಕವನ್ನೇ ಬದಲಿಸಿದರೆ, ಸೈಡ್ ಹಲಗೆ ಎತ್ತರಿಸಿದರೆ ಅದು ಬೇರೆ ಮಾತು. ಅಂಥ ಕೆಲಸಕ್ಕೆ ಕೈ ಹಾಕುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲೇ ಕೇಳಿ. ಮಾಡಿಸಿದ ಮೇಲೆ ಖಾಲಿ ಗಾಡಿಯನ್ನು ವೇಬ್ರಿಡ್ಜಿಗೆ ಹತ್ತಿಸಿ ಚೀಟಿ ತಗೊಳ್ಳಿ. ಎಷ್ಟು ಲೋಡ್ ಹಾಕಬಹುದು ಅನ್ನೋದನ್ನು ಹೊಸ ತೂಕದ ಮೇಲೆ ಲೆಕ್ಕ ಹಾಕಿಕೊಳ್ಳಿ, ಹಳೆ ಲೆಕ್ಕದಲ್ಲಿ ತುಂಬಬೇಡಿ.